ತಂತಿಯಿಲ್ಲದ ಕೀಬೋರ್ಡಿಗೆ ಇಬ್ಬರು ಯಜಮಾನರು

ಎಂಬತ್ತು, ತೊಂಬತ್ತರ ದಶಕದ ಪಿಸಿಗಳನ್ನು ಬಳಸಿದವರಿಗೆ ಒಂದು ನಗೆಹನಿ ನೆನಪಿರಬೇಕು. ಅದನ್ನು ಬರೆದವರು ಹಾಸ್ಯ ಸಾಹಿತಿಗಳಲ್ಲ, ಕಂಪ್ಯೂಟರ್ ತಯಾರಿಸುತ್ತಿದ್ದ ಎಂಜಿನಿಯರುಗಳು. ಕೀಬೋರ್ಡ್ ಸಿಕ್ಕಿಸದೆ ಯಂತ್ರ ಚಾಲೂ ಮಾಡಿದರೆ ಪರದೆಯ ಮೇಲೆ ಒಂದು ದೂರು ಮೂಡುತ್ತಿತ್ತು: ಕೀಬೋರ್ಡಿನಲ್ಲಿ ದೋಷವಿದೆ, ಮುಂದುವರಿಯಲು ಎಫ್1 ಒತ್ತಿ. ಇಲ್ಲದ ಕೀಬೋರ್ಡಿನ ಎಫ್1 ಎಲ್ಲಿದೆ ಎಂದು ನಾವೆಲ್ಲ ನಕ್ಕಿದ್ದೇವೆ. ಆದರೆ ಹತ್ತಾರು ಸರ್ವರ್‌ಗಳ ಕೊಠಡಿ ನೋಡಿಕೊಳ್ಳುತ್ತಿದ್ದವರಿಗೆ ಅದು ನಗುವ ಮಾತಾಗಿರಲಿಲ್ಲ. ರಾತ್ರಿ ಕರೆಂಟು ಹೋಗಿ ಬಂದರೆ ಸರ್ವರ್ ತಾನಾಗಿಯೇ ಎದ್ದು ಕೆಲಸಕ್ಕೆ ಕೂರಬೇಕು. ಅದು ಅರ್ಧ ಎದ್ದು, ಎಫ್1 ಒತ್ತುವ ಬೆರಳಿಗಾಗಿ ಬೆಳಗಿನ ತನಕ ಕಾಯುತ್ತಾ ನಿಂತಿರುತ್ತಿತ್ತು.

ಹಾಗೆಂದು ಒಂದೊಂದು ಯಂತ್ರಕ್ಕೂ ಒಂದೊಂದು ಕೀಬೋರ್ಡ್, ಮೌಸ್, ಮಾನಿಟರ್ ಇಡೋಣವೆಂದರೆ ಜಾಗವೂ ಸಾಲದು, ದುಡ್ಡೂ ದಂಡ. ಆಗಿನ ಮಾನಿಟರುಗಳೆಂದರೆ ಗಾಜಿನ ಕೊಳವೆಯ ಭಾರೀ ಡಬ್ಬಗಳು ಬೇರೆ. ಒಂದೇ ಜೊತೆಯನ್ನು ಹಲವು ಯಂತ್ರಗಳಿಗೆ ಹಂಚುವ ಪೆಟ್ಟಿಗೆ ಹುಟ್ಟಿದ್ದು ಈ ಇಕ್ಕಟ್ಟಿನಿಂದ. ಕೀಬೋರ್ಡ್, ವಿಡಿಯೋ, ಮೌಸ್ ಮೂರನ್ನೂ ಒಟ್ಟಿಗೆ ಅತ್ತಿಂದಿತ್ತ ತಿರುಗಿಸುವುದರಿಂದ ಅದಕ್ಕೆ ಕೆವಿಎಂ ಸ್ವಿಚ್ ಎನ್ನುತ್ತಾರೆ. ಮೊದಮೊದಲಿನವು ಬರೀ ತಿರುಗುಗುಂಡಿಗಳು. ಗುಂಡಿಯನ್ನು ಎ ಕಡೆಗೆ ತಿರುಗಿಸಿದರೆ ತಂತಿಗಳು ಮೊದಲ ಯಂತ್ರಕ್ಕೆ, ಬಿ ಕಡೆಗೆ ತಿರುಗಿಸಿದರೆ ಎರಡನೆಯದಕ್ಕೆ. ಸರಳ, ಅಗ್ಗ, ಮತ್ತು ಕಿರಿಕಿರಿ. ಎ ಕಡೆಗಿದ್ದಾಗ ಬಿ ಯಂತ್ರದ ಪಾಲಿಗೆ ಕೀಬೋರ್ಡೇ ಇಲ್ಲ, ಮತ್ತೆ ಅದೇ ಎಫ್1 ರಗಳೆ. ಐಬಿಎಂ 1987ರಲ್ಲಿ ತನ್ನ ಪಿಎಸ್/2 ಕಂಪ್ಯೂಟರುಗಳ ಜೊತೆ ತಂದ ದುಂಡನೆಯ ಆರು ಪಿನ್ನಿನ ಪೋರ್ಟು, ಆಮೇಲೆ ಕೀಬೋರ್ಡಿಗೆ ನೇರಳೆ, ಮೌಸಿಗೆ ಹಸಿರು ಎಂದು ಬಣ್ಣ ಹಚ್ಚಿಸಿಕೊಂಡದ್ದು, ಯಂತ್ರ ನಡೆಯುತ್ತಿರುವಾಗ ಕಿತ್ತು ಹಾಕಲೆಂದು ಮಾಡಿದ್ದೇ ಅಲ್ಲ. ಅದರ ಮೌಸ್ ಚಾಲೂ ಆದೊಡನೆ ಮಾತಾಡುವುದಿಲ್ಲ. ಕಂಪ್ಯೂಟರ್ ಒಮ್ಮೆ ‘ಇನ್ನು ಹೇಳು’ ಎಂದು ಅಪ್ಪಣೆ ಕೊಡಬೇಕು. ನಡುವೆ ಕಿತ್ತು ಮತ್ತೆ ಹಾಕಿದರೆ ಮೌಸಿಗೆ ಆ ಅಪ್ಪಣೆ ಮರೆತಿರುತ್ತದೆ, ಕಂಪ್ಯೂಟರಿಗೆ ಮತ್ತೆ ಅಪ್ಪಣೆ ಕೊಡಬೇಕೆಂದು ತಿಳಿಯುವುದಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ಕಾಯುತ್ತಾ ಕೂರುತ್ತಾರೆ.

ಇದಕ್ಕೆ ಎಂಜಿನಿಯರುಗಳು ಹುಡುಕಿದ ಉಪಾಯ ಸುಳ್ಳು ಹೇಳುವುದು. ಕೆವಿಎಂ ಪೆಟ್ಟಿಗೆಯೊಳಗೆ ಒಂದು ಪುಟ್ಟ ಪ್ರೊಸೆಸರ್ ಕೂರಿಸಿದರು. ಅದು ಪ್ರತಿಯೊಂದು ಕಂಪ್ಯೂಟರಿನ ಮುಂದೆಯೂ ‘ನಾನೇ ಕೀಬೋರ್ಡು, ನಾನೇ ಮೌಸು’ ಎಂದು ಸದಾ ಸೋಗು ಹಾಕಿಕೊಂಡು ನಿಂತಿರುತ್ತದೆ. ನಿಜವಾದ ಕೀಬೋರ್ಡ್ ಯಾವ ಕಡೆ ಇದ್ದರೂ ಸರಿ, ಯಾವ ಯಂತ್ರಕ್ಕೂ ತಬ್ಬಲಿತನ ಕಾಡುವುದಿಲ್ಲ. ಈ ತಂತ್ರಕ್ಕೆ ಎಮ್ಯುಲೇಶನ್ ಎಂದು ಹೆಸರು. ಕೆವಿಎಂ ಕೊಳ್ಳುವಾಗ ಮಾನಿಟರಿನ ರೆಸಲ್ಯೂಶನ್ ಎಷ್ಟು, ಎಷ್ಟು ಪೋರ್ಟು ಎಂದು ಕೇಳುವವರೇ ಹೆಚ್ಚು. ಸೋಗು ಎಷ್ಟು ಚೆನ್ನಾಗಿದೆ ಎಂದು ಯಾರೂ ಕೇಳುವುದಿಲ್ಲ. ತಂತಿಯಿಲ್ಲದ ಕೀಬೋರ್ಡ್ ತಂದು ಸಿಕ್ಕಿಸಿದ ದಿನ ಆ ಪ್ರಶ್ನೆ ತಾನಾಗಿ ಎದುರು ಬಂದು ನಿಲ್ಲುತ್ತದೆ.

ಈಗ ಕೆವಿಎಂ ಸರ್ವರ್ ಕೊಠಡಿ ಬಿಟ್ಟು ಮಲಗುವ ಕೋಣೆಯ ಮೂಲೆ ಮೇಜಿಗೆ ಬಂದಿದೆ. ಮನೆಯಿಂದಲೇ ಕೆಲಸ ಮಾಡುವುದು ರೂಢಿಯಾದ ಮೇಲೆ ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಕಚೇರಿಯ ಲ್ಯಾಪ್‌ಟಾಪ್ ಒಂದು, ಸ್ವಂತದ್ದು ಇನ್ನೊಂದು, ನಡುವೆ ಒಂದೇ ದೊಡ್ಡ ಮಾನಿಟರ್. ಮೇಜು ಚಿಕ್ಕದು, ಕೇಬಲ್ಲುಗಳ ಗೋಜಲು ಬೇಡವೆಂದು ವೈರ್‌ಲೆಸ್ ಕೀಬೋರ್ಡ್, ಮೌಸ್ ತರುತ್ತೇವೆ. ಕೆಲವರಿಗೆ ಸಿಕ್ಕಿಸಿದ ತಕ್ಷಣ ಎಲ್ಲವೂ ನಡೆಯುತ್ತದೆ. ಕೆಲವರಿಗೆ ಕೀಬೋರ್ಡ್ ನಡೆಯುತ್ತದೆ, ಮೌಸ್ ಮಿಸುಕುವುದಿಲ್ಲ. ಇನ್ನು ಕೆಲವರಿಗೆ ಎರಡೂ ನಡೆಯುತ್ತವೆ, ಆದರೆ ಕೀಲಿ ಒತ್ತಿ ಯಂತ್ರ ಬದಲಿಸುವ ಸೌಲಭ್ಯ ಮಾಯ. ಒಂದೇ ಅಂಗಡಿಯ ಒಂದೇ ಸಾಮಾನು, ಫಲ ಬೇರೆ ಬೇರೆ. ಕಾರಣ ತಿಳಿಯಲು ಕೀಬೋರ್ಡಿಗೂ ಕಂಪ್ಯೂಟರಿಗೂ ನಡುವೆ ನಡೆಯುವ ಮಾತುಕತೆಯನ್ನು ಸ್ವಲ್ಪ ಕದ್ದು ಕೇಳಬೇಕು.

ಯುಎಸ್‌ಬಿಯ ಮೊದಲ ಆವೃತ್ತಿ ಹೊರಬಂದದ್ದು 1996ರಲ್ಲಿ. ಇಂಟೆಲ್‌ನಲ್ಲಿ ಅದರ ರೂಪಣೆಯ ಮುಂಚೂಣಿಯಲ್ಲಿದ್ದವರು ವಡೋದರಾದಲ್ಲಿ ಓದಿ ಅಮೆರಿಕಕ್ಕೆ ಹೋದ ಅಜಯ್ ಭಟ್. ನಡೆಯುತ್ತಿರುವ ಯಂತ್ರಕ್ಕೆ ಏನನ್ನು ಬೇಕಾದರೂ ಸಿಕ್ಕಿಸಬಹುದು, ಕೀಳಬಹುದು ಎಂಬುದು ಅದರ ದೊಡ್ಡ ಆಶ್ವಾಸನೆ. ಆ ಆಶ್ವಾಸನೆ ಈಡೇರುವುದು ಪರಿಚಯದ ಒಂದು ಶಾಸ್ತ್ರದ ಮೂಲಕ. ಕೀಬೋರ್ಡನ್ನು ಸಿಕ್ಕಿಸಿದೊಡನೆ ಕಂಪ್ಯೂಟರ್ ಅದನ್ನು ರೀಸೆಟ್ ಮಾಡುತ್ತದೆ. ಆ ಕ್ಷಣದಲ್ಲಿ ಅದರ ವಿಳಾಸ ಸೊನ್ನೆ. ‘ನೀನು ಯಾರು?’ ಎಂದರೆ ಅದು 18 ಬೈಟುಗಳ ಒಂದು ಗುರುತುಪತ್ರ ಒಪ್ಪಿಸುತ್ತದೆ. ಅದರಲ್ಲಿ ತಯಾರಕರ ಸಂಖ್ಯೆ, ಸಾಮಾನಿನ ಸಂಖ್ಯೆ ಇರುತ್ತವೆ. ಲಾಜಿಟೆಕ್ ಕಂಪನಿಯ ಯಾವ ಮೌಸ್ ಕೊಂಡರೂ ತಯಾರಕರ ಸಂಖ್ಯೆ, ದಶಮಾನದಲ್ಲಿ ಹೇಳುವುದಾದರೆ, 1133. ಆಮೇಲೆ ಕಂಪ್ಯೂಟರ್ ಅದಕ್ಕೆ 1ರಿಂದ 127ರ ಒಳಗೆ ಒಂದು ವಿಳಾಸ ಕೊಡುತ್ತದೆ, ಒಳಗೆ ಏನೇನಿದೆ ಎಂದು ವಿಚಾರಿಸುತ್ತದೆ, ತಕ್ಕ ಡ್ರೈವರ್ ಹುಡುಕುತ್ತದೆ. ಇಷ್ಟಾದ ಮೇಲೆ ಕೀಬೋರ್ಡ್ ಕೆಲಸಕ್ಕೆ ಬಂತು.

ಕೆಲಸಕ್ಕೆ ಬಂದ ಮೇಲೂ ಅದು ತಾನಾಗಿ ಬಾಯಿ ಬಿಡುವಂತಿಲ್ಲ. ಯುಎಸ್‌ಬಿಯಲ್ಲಿ ಮಾತು ಆರಂಭಿಸುವ ಹಕ್ಕು ಕಂಪ್ಯೂಟರಿನದು ಮಾತ್ರ. ಮಾಮೂಲಿ ಮೌಸನ್ನು ಅದು ಸೆಕೆಂಡಿಗೆ 125 ಸಲ, ಅಂದರೆ 8 ಮಿಲಿಸೆಕೆಂಡಿಗೊಮ್ಮೆ, ‘ಏನಾದರೂ ಇದೆಯೇ?’ ಎಂದು ಕೇಳುತ್ತಲೇ ಇರುತ್ತದೆ. ಕೀಬೋರ್ಡ್ ಕೊಡುವ ಉತ್ತರ ತೀರಾ ಚುಟುಕು, ಎಂಟು ಬೈಟು. ಮೊದಲ ಬೈಟಿನಲ್ಲಿ ಶಿಫ್ಟ್, ಕಂಟ್ರೋಲ್, ಆಲ್ಟ್ ಮುಂತಾದವು ಒತ್ತಿವೆಯೇ ಎಂಬ ಲೆಕ್ಕ, ಎರಡನೆಯದು ಖಾಲಿ, ಉಳಿದ ಆರರಲ್ಲಿ ಆ ಹೊತ್ತಿಗೆ ಒತ್ತಿರುವ ಕೀಲಿಗಳ ಸಂಖ್ಯೆ. ಗಮನಿಸಿ, ಹೋಗುವುದು ಅಕ್ಷರವಲ್ಲ, ಸಂಖ್ಯೆ. ಎ ಕೀಲಿಗೆ 4, ಬಿಗೆ 5, ಎಚ್‌ಗೆ 11, ಕೆಗೆ 14.

ಕನ್ನಡದಲ್ಲಿ ಬೆರಳಚ್ಚು ಮಾಡುವವರಿಗೆ ಕೆವಿಎಂ ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿಕೊಡುತ್ತದೆ. ಒಂದು ಕಂಪ್ಯೂಟರಿನಲ್ಲಿ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ, ‘ನುಡಿ’ ತಂತ್ರಾಂಶ ಬಳಸುವವರಿಗೆಲ್ಲ ಬೆರಳ ತುದಿಯಲ್ಲಿರುವುದು, ಇನ್ನೊಂದರಲ್ಲಿ ಇನ್‌ಸ್ಕ್ರಿಪ್ಟ್ ವಿನ್ಯಾಸ ಇದೆಯೆನ್ನಿ. ಎಚ್ ಕೀಲಿ ಒತ್ತಿದರೆ ಎರಡೂ ಕಡೆ ಹೋಗುವುದು ಅದೇ 11. ಮೊದಲನೆಯದರಲ್ಲಿ ‘ಹ’ ಮೂಡುತ್ತದೆ, ಸ್ವಿಚ್ ತಿರುಗಿಸಿ ಮತ್ತೆ ಒತ್ತಿದರೆ ‘ಪ’. ಕೆ ಕೀಲಿಯಲ್ಲಿ ಮಾತ್ರ ಇಬ್ಬರಿಗೂ ರಾಜಿಯಾಗಿದೆ, ಎರಡರಲ್ಲೂ ‘ಕ’. ಕೀಬೋರ್ಡಿಗೆ ಕನ್ನಡವೂ ಗೊತ್ತಿಲ್ಲ, ಇಂಗ್ಲಿಷೂ ಗೊತ್ತಿಲ್ಲ. ಹಾಗಾಗಿಯೇ ಅದನ್ನು ಯಾವ ಯಂತ್ರಕ್ಕೆ ತಿರುಗಿಸಿದರೂ ನಡೆಯುತ್ತದೆ.

ಯುಎಸ್‌ಬಿ ಕಾಲದ ಕೆವಿಎಂಗಳಲ್ಲಿ ಎರಡು ಜಾತಿ. ಮೊದಲನೆಯದಕ್ಕೆ ಸೋಗು ಗೊತ್ತಿಲ್ಲ. ಒಳಗಿರುವುದು ಒಂದು ಹಬ್, ಅದನ್ನು ಇಡಿಯಾಗಿ ಈ ಕಂಪ್ಯೂಟರಿನಿಂದ ಕಿತ್ತು ಆ ಕಂಪ್ಯೂಟರಿಗೆ ಹಾಕುವ ಸ್ವಿಚ್. ಗುಂಡಿ ಒತ್ತಿದಾಗಲೆಲ್ಲ ಗುರುತುಪತ್ರ, ವಿಳಾಸ, ಡ್ರೈವರ್ ಎಂದು ಪರಿಚಯದ ಶಾಸ್ತ್ರ ಮೊದಲಿಂದ ನಡೆಯುತ್ತದೆ. ಒಂದೆರಡು ಸೆಕೆಂಡು, ಕೆಲವೊಮ್ಮೆ ಇನ್ನೂ ಹೆಚ್ಚು ಕಾಯಬೇಕು. ಎರಡನೆಯದು ಸೋಗು ಹಾಕುವ ಜಾತಿ. ಎಲ್ಲ ಕಂಪ್ಯೂಟರುಗಳಿಗೂ ಕೃತಕ ಕೀಬೋರ್ಡ್ ಸದಾ ಕಾಣುತ್ತಿರುತ್ತದೆ. ನಿಜವಾದ ಕೀಬೋರ್ಡಿನಿಂದ ಬಂದ ಸಂಖ್ಯೆಗಳನ್ನು ಪೆಟ್ಟಿಗೆಯೇ ಓದಿಕೊಂಡು ಬೇಕಾದ ಕಡೆಗೆ ದಾಟಿಸುತ್ತದೆ. ಬದಲಾವಣೆ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ.

ಇನ್ನು ತಂತಿಯಿಲ್ಲದ್ದರ ಕಥೆ. ಐಬಿಎಂ 1983ರ ಕೊನೆಗೆ ಪ್ರಕಟಿಸಿದ ಪಿಸಿಜೂನಿಯರ್ ಕಂಪ್ಯೂಟರಿನಲ್ಲೇ ತಂತಿಯಿಲ್ಲದ ಕೀಬೋರ್ಡ್ ಇತ್ತು, ಟೀವಿ ರಿಮೋಟಿನ ಹಾಗೆ ಇನ್‌ಫ್ರಾರೆಡ್ ಬೆಳಕಿನದ್ದು. ತರಗತಿಯಲ್ಲಿ ಅಕ್ಕಪಕ್ಕ ಎರಡು ಇಟ್ಟರೆ ಇವನ ಕೀಬೋರ್ಡಿನ ಅಕ್ಷರ ಅವಳ ಪರದೆಯಲ್ಲಿ ಮೂಡುವ ಸಾಧ್ಯತೆಯಿತ್ತು. ರೇಡಿಯೋ ತರಂಗದ ಮೌಸನ್ನು ಲಾಜಿಟೆಕ್ 1991ರಲ್ಲಿ ಮಾರುಕಟ್ಟೆಗೆ ತಂದಿತು. ಬಹಳ ಕಾಲ 27 ಮೆಗಾಹರ್ಟ್ಸ್ ಸುತ್ತಮುತ್ತ ಓಡಾಡುತ್ತಿದ್ದ ಈ ಸಾಮಾನುಗಳು ಆಮೇಲೆ 2.4 ಗಿಗಾಹರ್ಟ್ಸ್‌ಗೆ ವಲಸೆ ಹೋದವು. ವೈಫೈ, ಬ್ಲೂಟೂತ್, ಮೈಕ್ರೋವೇವ್ ಒಲೆ ಎಲ್ಲವೂ ಬೀಡುಬಿಟ್ಟಿರುವ ತರಂಗಪಟ್ಟಿ ಅದು. ನಮ್ಮ ದೇಶದಲ್ಲಿ ಕಡಿಮೆ ಶಕ್ತಿಯ ಸಾಧನಗಳು ಅದನ್ನು ಪರವಾನಗಿ ಇಲ್ಲದೆ ಬಳಸಲು 2005ರ ನಿಯಮಗಳು ಅವಕಾಶ ಕೊಟ್ಟವು.

ಇಂಥ ಕೀಬೋರ್ಡಿನ ಜೊತೆ ಹೆಬ್ಬೆರಳ ಉಗುರಿನಷ್ಟು ಚಿಕ್ಕ ಡಾಂಗಲ್ ಒಂದು ಬರುತ್ತದೆ. ನಿಜವಾದ ಜಾಣತನವೆಲ್ಲ ಅದರಲ್ಲಿದೆ. ಅದರ ಒಂದು ಮುಖ ಗಾಳಿಯ ಕಡೆಗೆ, ಕೀಬೋರ್ಡಿನೊಡನೆ ರೇಡಿಯೋ ಮಾತು. ಇನ್ನೊಂದು ಮುಖ ಯುಎಸ್‌ಬಿ ಕಡೆಗೆ, ಅಲ್ಲಿ ಅದು ಹೇಳಿಕೊಳ್ಳುವುದು ತಾನು ರೇಡಿಯೋ ಎಂದಲ್ಲ, ‘ನಾನೊಂದು ಕೀಬೋರ್ಡ್’ ಎಂದು. ಅಂದರೆ ಇದೂ ಸೋಗಿನ ಸಾಮಾನೇ. ಕೀಬೋರ್ಡಿಗೂ ಡಾಂಗಲ್ಲಿಗೂ ಕಾರ್ಖಾನೆಯಲ್ಲೇ ಜೋಡಿ ಕಟ್ಟಿರುತ್ತಾರೆ. ಆ ಜೋಡಿಯ ನೆನಪು, ಗುಪ್ತಲಿಪಿಯ ಕೀಲಿ ಸಮೇತ, ಡಾಂಗಲ್ಲಿನ ಚಿಪ್ಪಿನಲ್ಲೇ ಉಳಿಯುತ್ತದೆ. ಕಂಪ್ಯೂಟರಿಗೆ ಈ ವ್ಯವಹಾರದ ಗಂಧಗಾಳಿ ಇಲ್ಲ. ಕೆವಿಎಂ ಗುಂಡಿ ಒತ್ತಿದಾಗ ಡಾಂಗಲ್ ಮೊದಲ ಯಂತ್ರದಿಂದ ಕಳಚಿ ಎರಡನೆಯದಕ್ಕೆ ಪರಿಚಯ ಹೇಳಿಕೊಳ್ಳುತ್ತದೆ. ಕೀಬೋರ್ಡಿಗೋ ತನ್ನ ಯಜಮಾನ ಬದಲಾದ ಸುದ್ದಿಯೇ ತಲುಪುವುದಿಲ್ಲ. ಆದ್ದರಿಂದ ‘ವೈರ್‌ಲೆಸ್ ಕೀಬೋರ್ಡ್ ಕೆವಿಎಂಗೆ ಆಗುವುದಿಲ್ಲ’ ಎಂದು ಅಂಗಡಿಯಲ್ಲಿ ಹೇಳಿದರೆ ನಂಬಬೇಡಿ. ಡಾಂಗಲ್ ಇರುವುದು ಬಹುಮಟ್ಟಿಗೆ ಆಗುತ್ತದೆ. ಎಲ್ಲಿ ಸಿಕ್ಕಿಸುತ್ತೀರಿ ಎಂಬುದರಲ್ಲಿ ಎಡವಟ್ಟಾಗುತ್ತದೆ.

ಕೆವಿಎಂ ಪೆಟ್ಟಿಗೆಯ ಹಿಂಭಾಗ ನೋಡಿ. ಸೋಗು ಹಾಕುವ ಜಾತಿಯಾದರೆ ಕೀಬೋರ್ಡಿನ ಚಿತ್ರವಿರುವ ಒಂದು ಪೋರ್ಟು, ಮೌಸಿನ ಚಿತ್ರವಿರುವ ಇನ್ನೊಂದು, ಅವುಗಳ ಜೊತೆ ಯಾವ ಚಿತ್ರವೂ ಇಲ್ಲದ ಒಂದೆರಡು ಪೋರ್ಟು ಇರುತ್ತವೆ. ಚಿತ್ರವಿರುವ ಪೋರ್ಟಿಗೆ ಬಂದದ್ದನ್ನು ಪೆಟ್ಟಿಗೆಯ ಪ್ರೊಸೆಸರ್ ಓದುತ್ತದೆ. ಚಿತ್ರವಿಲ್ಲದ್ದು ಬರೀ ಹಬ್, ಪೆನ್‌ಡ್ರೈವಿಗೋ ಪ್ರಿಂಟರಿಗೋ ಇಟ್ಟದ್ದು. ಈಗ ನಿಮ್ಮ ಡಾಂಗಲ್ ಕೀಬೋರ್ಡೂ ಹೌದು, ಮೌಸೂ ಹೌದು, ಎರಡಕ್ಕೂ ಒಂದೇ. ಲಾಜಿಟೆಕ್‌ನವರು 2009ರಲ್ಲಿ ತಂದ ಯೂನಿಫೈಯಿಂಗ್ ಡಾಂಗಲ್ ಆರು ಸಾಧನಗಳ ತನಕ ಸಂಭಾಳಿಸಬಲ್ಲದು. ಅದು ಯುಎಸ್‌ಬಿಗೆ ತನ್ನನ್ನು ಮೂರು ಭಾಗವಾಗಿ ಪರಿಚಯಿಸಿಕೊಳ್ಳುತ್ತದೆ: ಒಂದು ಕೀಬೋರ್ಡ್, ಒಂದು ಮೌಸ್, ಮತ್ತೊಂದು ಕಂಪನಿಯ ಸ್ವಂತ ಗುಟ್ಟಿನ ಮಾತಿಗೆ. ಕೀಬೋರ್ಡ್ ಪೋರ್ಟಿನ ಹಿಂದಿರುವ ಅಲ್ಪತೃಪ್ತ ಪ್ರೊಸೆಸರ್ ಮೊದಲ ಭಾಗ ಓದಿ ‘ಸರಿ, ಕೀಬೋರ್ಡ್ ಬಂತು’ ಎಂದು ಬಾಗಿಲು ಹಾಕಿಕೊಂಡರೆ ಮೌಸ್ ಹೊರಗೇ ಉಳಿಯಿತು. ಕೀಬೋರ್ಡ್ ನಡೆಯುತ್ತದೆ, ಮೌಸ್ ಮಿಸುಕುವುದಿಲ್ಲ ಎಂಬ ದೂರಿನ ಮೂಲ ಬಹುಮಟ್ಟಿಗೆ ಇದೇ.

ಅದೇ ಡಾಂಗಲ್ಲನ್ನು ಚಿತ್ರವಿಲ್ಲದ ಪೋರ್ಟಿಗೆ ಹಾಕಿದರೆ ಎರಡೂ ನಡೆಯುತ್ತವೆ, ಏಕೆಂದರೆ ಅಲ್ಲಿ ಓದುವವರಿಲ್ಲ, ಇದ್ದದ್ದು ಇದ್ದಹಾಗೆ ಕಂಪ್ಯೂಟರಿಗೆ ಹೋಗುತ್ತದೆ. ಆದರೆ ಹಾಟ್‌ಕೀ ಕೈಕೊಡುತ್ತದೆ. ಸ್ಕ್ರಾಲ್ ಲಾಕ್ ಕೀಲಿಯನ್ನು ಎರಡು ಸಲ ಒತ್ತಿ ಆಮೇಲೆ ಯಂತ್ರದ ಸಂಖ್ಯೆ ಒತ್ತಿದರೆ ಅತ್ತ ಬದಲಾಗುವುದು ಅನೇಕ ಕೆವಿಎಂಗಳ ಪದ್ಧತಿ. ಬೇರಾವ ಕೆಲಸಕ್ಕೂ ಹೆಚ್ಚಾಗಿ ಬಾರದ ಕೀಲಿ ಎಂದೇ ಅದನ್ನು ಆರಿಸಿದ್ದು. ನಡುವೆ ಓದುವವರಿದ್ದರೆ ತಾನೇ ಆ ಸಂಕೇತ ತಿಳಿಯುವುದು? ಇನ್ನೊಂದು ತಮಾಷೆಯೆಂದರೆ ಪುಟ್ಟ ವೈರ್‌ಲೆಸ್ ಕೀಬೋರ್ಡುಗಳಲ್ಲಿ ಅನೇಕಕ್ಕೆ ಸ್ಕ್ರಾಲ್ ಲಾಕ್ ಕೀಲಿಯೇ ಇರುವುದಿಲ್ಲ, ಬಳಕೆಗೆ ಬಾರದ್ದೆಂದು ತೆಗೆದುಹಾಕಿರುತ್ತಾರೆ. ಅಂಥವರು ಕಂಟ್ರೋಲ್ ಎರಡು ಸಲ ಒತ್ತುವ ಸೌಲಭ್ಯವಿದೆಯೇ ಎಂದು ಕೈಪಿಡಿಯಲ್ಲಿ ಹುಡುಕಬೇಕು, ಇಲ್ಲವೇ ಕೈ ಚಾಚಿ ಪೆಟ್ಟಿಗೆಯ ಗುಂಡಿಯನ್ನೇ ಒತ್ತಬೇಕು. ನನಗೆ ಗುಂಡಿಯೇ ವಾಸಿ.

ಓದುವ ಪ್ರೊಸೆಸರಿನ ಜ್ಞಾನಕ್ಕೂ ಮಿತಿಯುಂಟು. ಎಲ್ಲ ಮೌಸುಗಳಿಗೂ ಸಾಮಾನ್ಯವಾದ ಕನಿಷ್ಠ ಭಾಷೆ ಮೂರು ಬೈಟಿನದ್ದು: ಯಾವ ಗುಂಡಿ ಒತ್ತಿದೆ, ಅಡ್ಡಕ್ಕೆ ಎಷ್ಟು ಸರಿಯಿತು, ಉದ್ದಕ್ಕೆ ಎಷ್ಟು ಸರಿಯಿತು. ಅದರಲ್ಲಿ ಚಕ್ರಕ್ಕೆ ಜಾಗವೇ ಇಲ್ಲ. ಈ ಕನಿಷ್ಠ ಭಾಷೆಯನ್ನಷ್ಟೇ ಕಲಿತ ಕೆವಿಎಂನಲ್ಲಿ ಮೌಸ್ ಓಡಾಡುತ್ತದೆ, ಚಕ್ರ ತಿರುಗಿಸಿದರೆ ಪುಟ ಕದಲುವುದಿಲ್ಲ. ಮೌಸಿನ ಪಕ್ಕದ ಗುಂಡಿಗಳು ಈ ಮೂರು ಬೈಟಿನ ಭಾಷೆಯ, ಕೀಬೋರ್ಡಿನ ಧ್ವನಿ ಹೆಚ್ಚಿಸುವ ಕೀಲಿಗಳು ಎಂಟು ಬೈಟಿನ ಉತ್ತರದ ಹೊರಗಿನ ಸಂಗತಿಗಳು, ಅವೂ ದಾರಿಯಲ್ಲೇ ಕಳೆದುಹೋಗುತ್ತವೆ. ಸೆಕೆಂಡಿಗೆ 1000 ಸಲ ವರದಿ ಒಪ್ಪಿಸುವ ಆಟದ ಮೌಸನ್ನು ಇಂಥದ್ದಕ್ಕೆ ಹಾಕಿದರೆ ಅದು 125ಕ್ಕೆ ಇಳಿಯಬಹುದು. ಒಳ್ಳೆಯ ಕೆವಿಎಂಗಳು ಕನಿಷ್ಠ ಭಾಷೆಯ ಸೋಗು ಬಿಟ್ಟು, ಸಿಕ್ಕಿಸಿದ ಡಾಂಗಲ್ಲಿನ ಗುರುತುಪತ್ರವನ್ನೇ ನಕಲು ಮಾಡಿಕೊಂಡು ಎಲ್ಲ ಕಂಪ್ಯೂಟರುಗಳ ಮುಂದೆ ಅದರ ಪ್ರತಿರೂಪವಾಗಿ ನಿಲ್ಲುತ್ತವೆ. ಬೆಲೆಯೂ ಅದಕ್ಕೆ ತಕ್ಕಂತೆ.

ಸೋಗಿನಲ್ಲಿ ಇನ್ನೊಂದು ಸೂಕ್ಷ್ಮವಿದೆ. ಕಂಟ್ರೋಲ್ ಒತ್ತಿ ಹಿಡಿದಿರುವಾಗಲೇ ಯಂತ್ರ ಬದಲಾಯಿತು ಎನ್ನಿ. ‘ಒತ್ತಿದೆ’ ಎಂಬ ವರದಿ ಹಳೆಯ ಕಂಪ್ಯೂಟರಿಗೆ ಹೋಗಿದೆ, ‘ಬಿಟ್ಟಿತು’ ಎಂಬುದು ಹೊಸದಕ್ಕೆ ಹೋಗುತ್ತದೆ. ನಿಜವಾಗಿ ಕಿತ್ತಿದ್ದರೆ ಹಳೆಯದು ಕೀಬೋರ್ಡ್ ಹೋಯಿತೆಂದು ತಿಳಿದು ಎಲ್ಲ ಕೀಲಿಗಳನ್ನೂ ಬಿಟ್ಟಂತೆ ಭಾವಿಸುತ್ತಿತ್ತು. ಸೋಗಿನ ಕೀಬೋರ್ಡ್ ಹೋಗುವುದೇ ಇಲ್ಲವಲ್ಲ. ಹೊರಡುವ ಮುನ್ನ ಎಂಟೂ ಬೈಟು ಸೊನ್ನೆಯಿರುವ ಒಂದು ವರದಿ ಕಳಿಸಿ ಬರುವ ಸೌಜನ್ಯ ಕೆವಿಎಂಗೆ ಇಲ್ಲದಿದ್ದರೆ, ಹಳೆಯ ಕಂಪ್ಯೂಟರಿನ ಪಾಲಿಗೆ ಕಂಟ್ರೋಲ್ ಇನ್ನೂ ಒತ್ತಿಯೇ ಇರುತ್ತದೆ.

ಕ್ಯಾಪ್ಸ್ ಲಾಕ್ ದೀಪದ್ದೂ ಇಂಥದ್ದೇ ಕಥೆ. ಆ ದೀಪ ಹೊತ್ತಿಸುವುದು ಕೀಬೋರ್ಡ್ ಅಲ್ಲ. ಕೀಲಿ ಒತ್ತಿದ ಸಂಖ್ಯೆ ಕಂಪ್ಯೂಟರಿಗೆ ಹೋಗಿ, ಕಂಪ್ಯೂಟರ್ ತನ್ನ ಸ್ಥಿತಿ ಬದಲಿಸಿಕೊಂಡು, ‘ದೀಪ ಹಚ್ಚು’ ಎಂದು ಹಿಂದಕ್ಕೆ ಆಜ್ಞೆ ಕಳಿಸಿದಾಗ ಅದು ಹೊತ್ತುತ್ತದೆ. ಎರಡು ಕಂಪ್ಯೂಟರುಗಳಿಗೆ ಎರಡು ಸ್ಥಿತಿ. ಒಳ್ಳೆಯ ಕೆವಿಎಂ ಇವೆರಡನ್ನೂ ನೆನಪಿಟ್ಟು ಬದಲಾದಾಗ ದೀಪವನ್ನು ಸರಿಪಡಿಸುತ್ತದೆ. ಅನೇಕ ವೈರ್‌ಲೆಸ್ ಕೀಬೋರ್ಡುಗಳಲ್ಲಿ ಬ್ಯಾಟರಿ ಉಳಿಸಲು ದೀಪವನ್ನೇ ಕೈಬಿಟ್ಟಿರುತ್ತಾರೆ. ಆ ಕಡೆಯ ಯಂತ್ರದಲ್ಲಿ ಕ್ಯಾಪ್ಸ್ ಲಾಕ್ ಹಾಕಿದೆಯೋ ಇಲ್ಲವೋ ತಿಳಿಯದೆ ಪಾಸ್‌ವರ್ಡ್ ತಪ್ಪಾಗಿ ಬೀಳುತ್ತದೆ.

ಎಲ್ಲವೂ ಸರಿಯಾಗಿ ಸಿಕ್ಕಿಸಿದ ಮೇಲೂ ಮೌಸ್ ತಡವರಿಸುತ್ತದೆ, ಅಕ್ಷರಗಳು ನುಂಗಿಹೋಗುತ್ತವೆ ಎಂದರೆ ತಪ್ಪು ಪರಿಚಯದ್ದಲ್ಲ, ಗದ್ದಲದ್ದು. ಗದ್ದಲ ಮಾಡುವವರು ಪಕ್ಕದಲ್ಲೇ ಇದ್ದಾರೆ. ಯುಎಸ್‌ಬಿ 3.0 ಸೆಕೆಂಡಿಗೆ 500 ಕೋಟಿ ಬಿಟ್ ಸಾಗಿಸುತ್ತದೆ. ಒಂದು, ಸೊನ್ನೆ, ಒಂದು, ಸೊನ್ನೆ ಎಂದು ಬಿಟ್‌ಗಳು ಒಂದರ ಹಿಂದೊಂದು ಬದಲಾಗುತ್ತಾ ಹೋದರೆ ಎರಡು ಬಿಟ್ಟಿಗೆ ಒಂದು ಪೂರ್ಣ ಅಲೆ. ಅಂದರೆ ಸೆಕೆಂಡಿಗೆ 250 ಕೋಟಿ ಅಲೆ, 2.5 ಗಿಗಾಹರ್ಟ್ಸ್. ವೈರ್‌ಲೆಸ್ ಮೌಸ್ ಪಿಸುಗುಡುವ 2.4ರ ಅಗದಿ ಪಕ್ಕದ ಮನೆ. ದತ್ತಾಂಶವನ್ನು ಬೇಕೆಂದೇ ಕಲಸಿ ಕಳಿಸುವುದರಿಂದ ಆ ಶಕ್ತಿ ಒಂದೇ ಕಡೆ ನಿಲ್ಲದೆ ಅಗಲವಾಗಿ ಹರಡಿ 2.4ರ ಅಂಗಳವನ್ನೂ ತುಂಬುತ್ತದೆ. ಇಂಟೆಲ್ ಸಂಸ್ಥೆಯೇ 2012ರಲ್ಲಿ ಒಂದು ಶ್ವೇತಪತ್ರ ಹೊರಡಿಸಿ ಇದನ್ನು ಅಳತೆಗಳ ಸಮೇತ ಒಪ್ಪಿಕೊಂಡಿತು. ಸೋಸಿ ತೆಗೆಯೋಣವೆಂದರೆ ಆಗದು. ತೊಂದರೆ ಕೊಡುವ ಆವರ್ತನವೇ ಸಂಕೇತದ ಅವಿಭಾಜ್ಯ ಭಾಗ, ಅದನ್ನು ಸೋಸಿದರೆ ದತ್ತಾಂಶವೇ ಹೋಯಿತು. ಉಳಿಯುವ ದಾರಿ ಎರಡು: ಪೋರ್ಟಿಗೂ ಕೇಬಲ್ಲಿಗೂ ಒಳ್ಳೆಯ ಲೋಹದ ಕವಚ, ಇಲ್ಲವೇ ಡಾಂಗಲ್ಲನ್ನು ದೂರ ಇಡುವುದು.

ಕೆವಿಎಂನಲ್ಲಿ ನಾವು ಮಾಡುವುದು ಇದಕ್ಕೆ ತದ್ವಿರುದ್ಧ. ಲೋಹದ ಪೆಟ್ಟಿಗೆಯನ್ನು ಮಾನಿಟರಿನ ಬೆನ್ನಿಗೆ ಅಡಗಿಸಿ, ಅದರ ಹಿಂಬದಿಯಲ್ಲಿ ಯುಎಸ್‌ಬಿ 3.0 ಕೇಬಲ್ಲುಗಳ ನಡುವೆ ಡಾಂಗಲ್ಲನ್ನು ತುರುಕುತ್ತೇವೆ. 2.4 ಗಿಗಾಹರ್ಟ್ಸ್ ಅಲೆಯ ಉದ್ದ ಹನ್ನೆರಡೂವರೆ ಸೆಂಟಿಮೀಟರ್. ಅಂಗೈ ಅಗಲದ ಲೋಹದ ತಗಡೂ ಅದಕ್ಕೆ ಗೋಡೆಯೇ. ಮೌಸ್ ಹೊರಡಿಸುವ ಶಕ್ತಿ ಒಂದು ಮಿಲಿವಾಟ್ ಆಸುಪಾಸು. ಅದು ಮಾನಿಟರನ್ನೂ ಪೆಟ್ಟಿಗೆಯನ್ನೂ ಬಳಸಿಕೊಂಡು ಹೋಗಿ, ಈ ಸಂತೆಯಲ್ಲಿ ತನ್ನ ದನಿ ಕೇಳಿಸಬೇಕು. ಮೂರು ಅಡಿಯ ಯುಎಸ್‌ಬಿ 2.0 ಎಕ್ಸ್‌ಟೆನ್ಶನ್ ಕೇಬಲ್ ತಂದು ಡಾಂಗಲ್ಲನ್ನು ಮೇಜಿನ ಮೇಲೆ, ಮೌಸಿಗೆ ಎದುರಾಗಿ ಇಡಿ. ಸಾವಿರಾರು ರೂಪಾಯಿಯ ಹೊಸ ಕೆವಿಎಂ ತರುವ ಮುನ್ನ ಮಾಡಿ ನೋಡಬೇಕಾದ ಪ್ರಯೋಗ ಇದು. ಕೇಬಲ್ ಬೇಡವೆಂದು ವೈರ್‌ಲೆಸ್ ತಂದವರು ಮತ್ತೆ ಕೇಬಲ್ ಕೊಳ್ಳಬೇಕಾದ್ದು ವಿಪರ್ಯಾಸ, ಏನು ಮಾಡುವುದು.

ಬ್ಲೂಟೂತ್ ಕೀಬೋರ್ಡಿಗೆ ಬಂದರೆ ಲೆಕ್ಕ ತಲೆಕೆಳಗಾಗುತ್ತದೆ. ಲ್ಯಾಪ್‌ಟಾಪಿನ ಒಳಗೇ ಬ್ಲೂಟೂತ್ ಇರುವುದರಿಂದ ಕೀಬೋರ್ಡ್ ನೇರ ಅದರೊಡನೆ ಮಾತಾಡುತ್ತದೆ, ಕೆವಿಎಂ ನಡುವೆ ಬರುವುದೇ ಇಲ್ಲ. ಗುಂಡಿ ಒತ್ತಿದರೆ ಪರದೆ ಬದಲಾಗುತ್ತದೆ, ಕೀಬೋರ್ಡ್ ಹಳೆಯ ಯಜಮಾನನಿಗೇ ಬರೆಯುತ್ತಿರುತ್ತದೆ. ಕಾಣದ ಪರದೆಗೆ ಪಾಸ್‌ವರ್ಡ್ ಬೆರಳಚ್ಚು ಮಾಡಿದ ಮೇಲೆ ಅದು ಹೊಳೆಯುತ್ತದೆ. ಸರಿ, ಒಂದು ಬ್ಲೂಟೂತ್ ಡಾಂಗಲ್ ತಂದು ಕೆವಿಎಂಗೆ ಸಿಕ್ಕಿಸಿದರೆ? ಜಾಣ ಉಪಾಯದಂತೆ ಕಾಣುತ್ತದೆ, ಆದರೆ ಸಾಮಾನ್ಯವಾಗಿ ಕೆಲಸ ಮಾಡುವುದಿಲ್ಲ. ಕಾರಣ ತಿಳಿಯಲು ಕೊಂಚ ತಾಳ್ಮೆ ಬೇಕು.

ಬ್ಲೂಟೂತ್‌ನಲ್ಲಿ ಜೋಡಿ ಕಟ್ಟುವಾಗ ಎರಡೂ ಕಡೆಯವರು ಸೇರಿ 128 ಬಿಟ್‌ಗಳ ಒಂದು ಗುಪ್ತ ಕೀಲಿ ರಚಿಸಿಕೊಳ್ಳುತ್ತಾರೆ. ಕೀಬೋರ್ಡ್ ಅದನ್ನು ‘ಇಂಥ 48 ಬಿಟ್‌ಗಳ ವಿಳಾಸದವನಿಗೆ ಈ ಕೀಲಿ’ ಎಂದು ಬರೆದಿಟ್ಟುಕೊಳ್ಳುತ್ತದೆ. ವಿಳಾಸ ಡಾಂಗಲ್ಲಿನದು. ಈ ಕಡೆ ಕೀಲಿಯ ಪ್ರತಿ ಎಲ್ಲಿ ಉಳಿಯುತ್ತದೆ? ಡಾಂಗಲ್ಲಿನಲ್ಲಲ್ಲ, ಕಂಪ್ಯೂಟರಿನ ಡಿಸ್ಕಿನಲ್ಲಿ, ವಿಂಡೋಸ್ ಆದರೆ ಅದರ ರಿಜಿಸ್ಟ್ರಿಯಲ್ಲಿ. ಮಾಮೂಲಿ ಬ್ಲೂಟೂತ್ ಡಾಂಗಲ್ ಬರೀ ರೇಡಿಯೋ, ನೆನಪಿನ ಕೆಲಸ ಅದರದಲ್ಲ. ಈಗ ಡಾಂಗಲ್ಲನ್ನು ಎರಡನೆಯ ಕಂಪ್ಯೂಟರಿಗೆ ತಿರುಗಿಸಿದಿರಿ. ಅದರ ಡಿಸ್ಕಿನಲ್ಲಿ ಕೀಲಿ ಇಲ್ಲ, ಮತ್ತೆ ಜೋಡಿ ಕಟ್ಟಬೇಕು. ಕಟ್ಟಿದೊಡನೆ ಕೀಬೋರ್ಡ್ ಅದೇ ವಿಳಾಸದ ಮುಂದೆ ಹಳೆಯದನ್ನು ಅಳಿಸಿ ಹೊಸ ಕೀಲಿ ಬರೆದುಕೊಳ್ಳುತ್ತದೆ. ಅಣ್ಣ ಊರಿಗೆ ಹೋದಾಗ ತಮ್ಮ ಮನೆಯ ಬೀಗ ಬದಲಿಸಿದ ಹಾಗೆ. ಮೊದಲ ಕಂಪ್ಯೂಟರಿಗೆ ಹಿಂದಿರುಗಿದಾಗ ಅದು ಹಳೆಯ ಕೀಲಿ ಹಿಡಿದು ಬಾಗಿಲು ತಟ್ಟುತ್ತದೆ, ಒಳಗಿನವರು ತೆಗೆಯುವುದಿಲ್ಲ. ಒಂದೇ ಯಂತ್ರದಲ್ಲಿ ವಿಂಡೋಸ್, ಲಿನಕ್ಸ್ ಎರಡನ್ನೂ ಇಟ್ಟುಕೊಂಡವರಿಗೆ ಈ ಪೀಡೆ ಹಳೆಯ ಪರಿಚಯ. ಅವರಲ್ಲಿ ಹಟವಾದಿಗಳು ಒಂದರ ಕಡತದಿಂದ ಕೀಲಿ ಹೆಕ್ಕಿ ಇನ್ನೊಂದರಲ್ಲಿ ಕೈಯಾರೆ ಬರೆದು ಗೆಲ್ಲುತ್ತಾರೆ.

ತಪ್ಪು ಬ್ಲೂಟೂತ್‌ನ ರೇಡಿಯೋದ್ದಲ್ಲ ಎಂಬುದಕ್ಕೆ ಒಂದು ಒಳ್ಳೆಯ ಸಾಕ್ಷಿಯಿದೆ. ಲಾಜಿಟೆಕ್‌ನವರು 2021ರಲ್ಲಿ ತಂದ ಲಾಜಿ ಬೋಲ್ಟ್ ಡಾಂಗಲ್ ಗಾಳಿಯಲ್ಲಿ ಆಡುವುದು ಕಡಿಮೆ ವಿದ್ಯುತ್ತಿನ ಬ್ಲೂಟೂತ್ ಭಾಷೆಯನ್ನೇ. ಆದರೆ ಕೀಲಿಯನ್ನು ತನ್ನೊಳಗೇ ಇಟ್ಟುಕೊಂಡು, ಯುಎಸ್‌ಬಿ ಕಡೆಗೆ ಮಾಮೂಲಿ ಕೀಬೋರ್ಡಿನ ಸೋಗು ಹಾಕುತ್ತದೆ. ಅದು ಕೆವಿಎಂನಲ್ಲಿ ಹಳೆಯ ಡಾಂಗಲ್ಲುಗಳಂತೆಯೇ ನಡೆಯಬಲ್ಲದು. ನೆನಪು ಯಾರ ಬಳಿ ಇದೆ ಎಂಬುದೊಂದೇ ಇಲ್ಲಿ ವ್ಯತ್ಯಾಸ.

ನೆನಪನ್ನು ಕೀಬೋರ್ಡಿನಲ್ಲೇ ಹೆಚ್ಚಿಸುವುದು ಇನ್ನೊಂದು ದಾರಿ. ಲಾಜಿಟೆಕ್‌ನ ಕೆ380ನಂಥ ಕೀಬೋರ್ಡುಗಳಲ್ಲಿ ಮೂರು ಗುಂಡಿಗಳಿದ್ದು ಮೂರು ಯಜಮಾನರನ್ನು ಪ್ರತ್ಯೇಕವಾಗಿ ನೆನಪಿಡುತ್ತವೆ. ಆಗ ಕೆವಿಎಂ ಬೇಕಾಗುವುದು ಪರದೆಗಷ್ಟೆ. ಆದರೆ ಯಂತ್ರ ಬದಲಿಸುವಾಗ ಕೀಬೋರ್ಡಿಗೊಂದು ಗುಂಡಿ, ಮೌಸಿಗೊಂದು, ಪರದೆಗೊಂದು ಒತ್ತಬೇಕು. ದಿನಕ್ಕೆ ಎರಡು ಸಲ ಬದಲಿಸುವವರಿಗೆ ಪರವಾಗಿಲ್ಲ, ನಿಮಿಷಕ್ಕೆ ಎರಡು ಸಲ ಬದಲಿಸುವವರಿಗೆ ತಲೆಶೂಲೆ. ಮೈಕ್ರೋಸಾಫ್ಟಿನ ಮೌಸ್ ವಿದೌಟ್ ಬಾರ್ಡರ್ಸ್, ಆ್ಯಪಲ್‌ನ ಯೂನಿವರ್ಸಲ್ ಕಂಟ್ರೋಲ್ ಮುಂತಾದ ತಂತ್ರಾಂಶಗಳು ಮೌಸನ್ನು ನೆಟ್‌ವರ್ಕ್ ಮೂಲಕವೇ ಪಕ್ಕದ ಯಂತ್ರಕ್ಕೆ ದಾಟಿಸುತ್ತವೆ. ಕಚೇರಿಯ ಲ್ಯಾಪ್‌ಟಾಪಿನಲ್ಲಿ ಅವನ್ನು ಹಾಕಲು ಅನುಮತಿ ಸಿಗುವುದು ಅನುಮಾನ. ಸಿಕ್ಕರೂ ಆಪರೇಟಿಂಗ್ ಸಿಸ್ಟಮ್ ಎದ್ದ ಮೇಲಷ್ಟೇ ಅವು ಏಳುವುದು. ಯಂತ್ರ ಚಾಲೂ ಆದೊಡನೆ ಡಿಸ್ಕಿನ ಗುಪ್ತಪದ ಕೇಳುವ ಹಂತದಲ್ಲಿ ಈ ತಂತ್ರಾಂಶಗಳೂ ಇಲ್ಲ, ಸಾಮಾನ್ಯವಾಗಿ ಬ್ಲೂಟೂತೂ ಇಲ್ಲ. ಎಂಟು ಬೈಟಿನ ಕನಿಷ್ಠ ಭಾಷೆ ಆಡುವ ಡಾಂಗಲ್ ಮಾತ್ರ ಅಲ್ಲೂ ಕೀಬೋರ್ಡೇ. ಎರಡು ಯಂತ್ರದವರಿಗೆ ಯಾವ ಕೀಬೋರ್ಡ್ ಎಂದು ಕೇಳಿದರೆ ನನ್ನ ಮತ ಸ್ವಂತ ಡಾಂಗಲ್ ಇರುವುದಕ್ಕೆ, ಬ್ಲೂಟೂತ್ ಎಷ್ಟೇ ಚೆಂದವಿರಲಿ.

ಆ ಮತಕ್ಕೊಂದು ಅಪವಾದವಿದೆ. ಬಾಸ್ಟಿಲ್ ಎಂಬ ಅಮೆರಿಕದ ಭದ್ರತಾ ಕಂಪನಿ 2016ರಲ್ಲಿ ಮೌಸ್‌ಜ್ಯಾಕ್ ಎಂಬ ಹೆಸರಿನಲ್ಲಿ ಒಂದು ದೋಷವನ್ನು ಬಯಲಿಗಿಟ್ಟಿತು. ಹಲವು ಹೆಸರಾಂತ ತಯಾರಕರ ಡಾಂಗಲ್ಲುಗಳಲ್ಲಿ ಕೀಬೋರ್ಡಿನ ಮಾತು ಗುಪ್ತಲಿಪಿಯಲ್ಲಿರುತ್ತಿತ್ತು, ಮೌಸಿನದ್ದು ಬಿಚ್ಚುಮಾತು. ಮೌಸ್ ಅತ್ತಿತ್ತ ಸರಿದದ್ದನ್ನು ಕದ್ದು ಯಾರಿಗೇನು ಲಾಭ ಎಂಬ ಲೆಕ್ಕಾಚಾರ. ಆದರೆ ಕೆಲವು ಡಾಂಗಲ್ಲುಗಳು ಆ ಬಿಚ್ಚುಮಾತಿನ ದಾರಿಯಲ್ಲಿ ಬಂದ ಕೀಲಿಸಂಖ್ಯೆಗಳನ್ನೂ ಒಪ್ಪಿಕೊಳ್ಳುತ್ತಿದ್ದವು. ನೂರು ಮೀಟರ್ ದೂರದಿಂದ, ಅಗ್ಗದ ರೇಡಿಯೋ ಹಿಡಿದವನು ನಿಮ್ಮ ಕಂಪ್ಯೂಟರಿನಲ್ಲಿ ಆಜ್ಞೆಗಳನ್ನು ಬೆರಳಚ್ಚು ಮಾಡಬಹುದಿತ್ತು. ಅಂಥ ಡಾಂಗಲ್ ಕೆವಿಎಂನಲ್ಲಿದ್ದರೆ ಆ ಹೊತ್ತಿಗೆ ಯಾವ ಯಂತ್ರ ಆಯ್ಕೆಯಾಗಿದೆಯೋ ಅದಕ್ಕೆ ಹೊಡೆತ. ಕೆಲವು ತಯಾರಕರು ತಿದ್ದುಪಡಿ ಹೊರಡಿಸಿದರು. ಅದನ್ನು ಡಾಂಗಲ್ಲಿಗೆ ಹಾಕಿಸಿಕೊಳ್ಳಬೇಕೆಂದು ಎಷ್ಟು ಜನರಿಗೆ ಗೊತ್ತಾಯಿತೋ.

ಸೇನೆ, ಗುಪ್ತಚರ ಇಲಾಖೆಗಳಲ್ಲಿ ಒಂದೇ ಮೇಜಿನ ಮೇಲೆ ರಹಸ್ಯ ಜಾಲದ ಕಂಪ್ಯೂಟರೂ ಸಾರ್ವಜನಿಕ ಜಾಲದ ಕಂಪ್ಯೂಟರೂ ಇರುತ್ತವೆ. ಅವರಿಗಾಗಿಯೇ ಭದ್ರ ಕೆವಿಎಂಗಳಿವೆ. ಅವುಗಳಲ್ಲಿ ಕೀಲಿಯ ಸಂಖ್ಯೆಗಳು ಕೀಬೋರ್ಡಿನಿಂದ ಕಂಪ್ಯೂಟರಿನತ್ತ ಮಾತ್ರ ಹರಿಯುತ್ತವೆ, ಹಿಂದಕ್ಕೆ ಒಂದು ಬಿಟ್ಟೂ ಬರದಂತೆ ವಿದ್ಯುನ್ಮಂಡಲದಲ್ಲೇ ತಡೆ. ಕ್ಯಾಪ್ಸ್ ಲಾಕ್ ದೀಪದ ಆಜ್ಞೆಗೂ ಅನುಮತಿ ಇಲ್ಲ. ರಹಸ್ಯ ಕಂಪ್ಯೂಟರ್ ದೀಪದ ಸ್ಥಿತಿಯಾಗಿ ಕೀಬೋರ್ಡಿನಲ್ಲಿ ಒಂದು ಬಿಟ್ ಬಿಟ್ಟುಹೋದರೆ, ಸ್ವಿಚ್ ತಿರುಗಿಸಿದ ಮೇಲೆ ಇನ್ನೊಂದು ಕಂಪ್ಯೂಟರ್ ಅದನ್ನು ಓದಬಹುದಲ್ಲವೇ? ಒಂದೊಂದೇ ಬಿಟ್ಟಿನಂತೆ ಇಡೀ ಕಡತವನ್ನೇ ಸಾಗಿಸಬಹುದು. ಇಂಥ ಸ್ವಿಚ್ಚುಗಳನ್ನು ಒರೆಗೆ ಹಚ್ಚುವ ಅಮೆರಿಕದ ಸರ್ಕಾರಿ ಮಾನದಂಡ, ಅವನ್ನು ಬಳಸುವ ಜಾಗದಲ್ಲಿ ತಂತಿಯಿಲ್ಲದ ಕೀಬೋರ್ಡ್, ಮೌಸ್ ಯಾವುವೂ ಇರಬಾರದೆಂದು ಮೊದಲೇ ಷರತ್ತು ಹಾಕುತ್ತದೆ.